ಬೇಲಿಯಾಚೆ ಮಲಗುವವರು

ಟೋಪಿ ತೆಗೆದ, ಯಾಕೆ ತೆಗೆದ, ಈ ಉರಿಬಿಸಿಲಿನಲ್ಲಿ ಬಿಳಿಯನೊಬ್ಬ ಟೋಪಿ ತೆಗೆಯುತ್ತಾನೆಂದರೆ ಒಂದೋ ಅವನ ತಲೆ ಕೆಟ್ಟಿರಬೇಕು, ಇಲ್ಲವೇ ನಮ್ಮ ತಲೆ ಕೆಡಿಸಲು ಬಂದಿರಬೇಕು — ಕಳ್ಳಿ ಬೇಲಿಯ ಸಂದಿಯಿಂದ ನನಗೆ ಕಾಣುವುದು ಆ ಬೋಳುತಲೆಯೊಂದೇ, ಕೆಂಪು ತಲೆ, ಮಚ್ಚೆ ಮಚ್ಚೆ, ಅದರ ಮೇಲೆ ಯಾಗೊ ಮರದ ನೆರಳು, ಮರದ ಕಾಯಿಗಳು ಹಗ್ಗದಂಥ ಉದ್ದ ತೊಟ್ಟುಗಳಲ್ಲಿ ಇಳಿಬಿದ್ದು ಅವನ ಕಿವಿಯ ಪಕ್ಕದಲ್ಲೇ ತೂಗುತ್ತಿವೆ, ಮೊಳದುದ್ದದ ಕಾಯಿಗಳು, ಒಂದು ಕಳಚಿ ಬಿದ್ದರೆ ಮುಗಿಯಿತು ಕಥೆ, ಹಾಗಾಗಲಿ ಎಂದು ಬಯಸುವವನು ನಾನಲ್ಲ, ಬಯಸಿದರೂ ಬಾಯಿಬಿಟ್ಟು ಹೇಳುವವನಲ್ಲ. ಮಿಷನ್ನಿನ ಪಿಕಪ್ ಗಾಡಿ ಆಚೆ ನಿಂತಿದೆ, ಬಾಗಿಲು ತೆರೆದೇ ಇದೆ, ಹೊಸ ಪಾದ್ರಿ ಮುತಿಸ್ಯಾ ಸ್ಟೇರಿಂಗಿನ ಮುಂದೆ ಕೂತು ಫೋನಿನಲ್ಲಿ ಹಲ್ಲು ಕಿರಿಯುತ್ತಿದ್ದಾನೆ, ಮುದುಕನನ್ನು ಮಾತ್ರ ಪ್ಲಾಸ್ಟಿಕ್ ಕುರ್ಚಿ ಹಾಕಿ ಮರದಡಿ ಕೂರಿಸಿದ್ದಾನೆ, ನಮ್ಮ ಬೇಲಿಯ ಹೊರಗೆ, ನಮ್ಮ ನೆಲದ ಒಳಗೆ, ಸರಿಯಾಗಿ ನನ್ನ ಅಣ್ಣ ಅಬೂಯಾನ ಗೋರಿಯ ತಲೆಯ ಹತ್ತಿರ. ಕುರ್ಚಿಯನ್ನೂ ತಾವೇ ತಂದಿದ್ದಾರೆ. ಕುರ್ಚಿ ತಂದವನು ನಾಳೆ ಹಾಸಿಗೆ ತರುತ್ತಾನೆ, ಹಾಸಿಗೆ ತಂದವನು — ಬೇಡ, ನಾನು ಏಳುವುದಿಲ್ಲ, ಇಲ್ಲೇ ನನ್ನ ಮಣೆಯ ಮೇಲೆ ಕೂತಿರುತ್ತೇನೆ, ಕಾಯಲಿ, ನಾವು ಅವರ ಬಾಗಿಲಲ್ಲಿ ಕಾದದ್ದೇನು ಕಡಿಮೆಯೇ, ಜ್ಞಾನಸ್ನಾನಕ್ಕೆ ಕಾದೆವು, ಮಾತ್ರೆಗೆ ಕಾದೆವು, ಶಾಲೆಯಲ್ಲಿ ಮಗುವಿಗೆ ಜಾಗ ಸಿಗಲೆಂದು ಕಾದೆವು, ಒಂದು ಬೆಳಗ್ಗೆ ಅವರು ನಮಗಾಗಿ ಕಾದರೆ ಆಕಾಶವೇನೂ ತಲೆಯ ಮೇಲೆ ಬೀಳುವುದಿಲ್ಲ.

ನಿನ್ನೆ ಈ ಮುತಿಸ್ಯಾ ಒಬ್ಬನೇ ಬಂದಿದ್ದ, ಪೂರ್ವದ ಕಂಬಾ ಜನರ ಹುಡುಗ, ನಮ್ಮ ಲುವೊ ಮಾತು ಅವನ ಬಾಯಲ್ಲಿ ಕಲ್ಲು ಕಡಿದ ಹಾಗೆ, ಅದಕ್ಕೇ ಸ್ವಾಹಿಲಿಯಲ್ಲಿ ಶುರುಮಾಡಿದ, ಒಬಿಯೆರೊ ಅಜ್ಜಾ, ನಮ್ಮ ಸೈಕಲ್ ಪಾದ್ರಿ ಇದಾರಲ್ಲ, ಅವರಿಗೆ ಮೈ ಸರಿಯಿಲ್ಲ, ಅವರಿಗೊಂದು ಆಸೆ, ನಿಮ್ಮ ಅಣ್ಣನ ಪಕ್ಕದಲ್ಲಿ ಒಂದು ಗೋರಿಗೆ ಜಾಗ ಬೇಕಂತೆ, ಮಿಕ್ಕಿದ್ದು ನಾಳೆ ಅವರೇ ಬಂದು ಹೇಳ್ತಾರೆ. ಜಾಗ ಬೇಕಂತೆ! ಕೇಳುವ ನಯ ನೋಡು, ಪಕ್ಕದ ಮನೆಯಿಂದ ಚಿಟಿಕೆ ಉಪ್ಪು ಕೇಳಿದ ಹಾಗೆ. ಗೋರಿಗೆ ಜಾಗ ಎನ್ನುವ ಮಾತು ನಮ್ಮ ಮನೆತನಕ್ಕೆ ಹೊಸದಲ್ಲ ಮಗನೇ, ಅಗೋ ಆ ಬೆಟ್ಟ ಕಾಣುತ್ತಲ್ಲ, ತುದಿಯಲ್ಲಿ ನಿಮ್ಮ ಕಲ್ಲಿನ ಗುಡಿ, ಕೆಳಗೆ ಶಾಲೆ, ಆಸ್ಪತ್ರೆ, ನೀಲಗಿರಿ ತೋಪು, ಸುತ್ತ ಮುಳ್ಳುತಂತಿ, ಅದು ನಮ್ಮಜ್ಜನದು, ದನ ಮೇಯುತ್ತಿದ್ದ ಬೆಟ್ಟ. ಮೊದಲು ಬಂದ ಬಿಳಿಯರು ಡೇರೆ ಹಾಕಲು ಒಂದು ಬೇಸಿಗೆ ಮಟ್ಟಿಗೆ ಜಾಗ ಕೇಳಿದರು, ಅಜ್ಜ ಕೊಟ್ಟ, ದಾರಿಹೋಕರಿಗೆ ಇಲ್ಲವೆನ್ನುವುದುಂಟೆ, ಮಳೆ ಬರುವ ಮುಂಚೆ ಅವರಲ್ಲೊಬ್ಬ ಜ್ವರ ಬಂದು ಸತ್ತ, ಉಳಿದವರು ಮಕ್ಕಳ ಹಾಗೆ ಅತ್ತರು, ಅಜ್ಜನ ಕರುಳು ಕರಗಿತು, ಇಲ್ಲೇ ಹೂಳಿ ಅಪ್ಪಾ ಅಂದ — ಅಲ್ಲಿಗೆ ಆಯಿತು. ಸುಗ್ಗಿ ಮುಗಿದ ಮೇಲೆ ಹೋಗಿ, ಡೇರೆ ಮಡಚ್ರಪ್ಪಾ, ಬೇಸಿಗೆ ಕಳೀತು ಅಂದರೆ, ಅವರು ಮಣ್ಣಿನ ಗುಪ್ಪೆ ತೋರಿಸಿ, ನಮ್ಮವನು ಇಲ್ಲಿ ಮಲಗಿದಾನಲ್ಲ ಅಂದರು. ಅಜ್ಜ ವಾಪಸು ಬಂದ. ಇನ್ನೇನು ಮಾಡಿಯಾನು, ಅದು ನಮ್ಮದೇ ಕಟ್ಟಳೆ, ಎಲ್ಲಿ ನಿನ್ನ ಹೆಣ ಇದೆಯೋ ಅಲ್ಲಿಂದ ನಿನ್ನನ್ನು ಎಬ್ಬಿಸುವಂತಿಲ್ಲ, ನಮ್ಮ ಮಾತು ಕಲಿಯುವ ಮುಂಚೆ ನಮ್ಮ ಕಟ್ಟಳೆ ಕಲಿತುಬಿಟ್ಟಿದ್ದರು ಬಡ್ಡೀಮಕ್ಕಳು. ಬೆರಳು ತೋರಿಸಿದರೆ ಹಸ್ತ ನುಂಗುವುದೆಂದರೆ ಇದೇ. ಸಾಯುವವರೆಗೂ ಅಜ್ಜ ಒಂದೇ ಮಾತು ಹೇಳುತ್ತಿದ್ದ, ನಾನು ಜಾಗ ಕೊಟ್ಟಿದ್ದು ಸತ್ತವನಿಗೆ ಕಣ್ರೋ, ತಗೊಂಡಿದ್ದು ಬದುಕಿದ್ದವರು. ಸ್ವಾತಂತ್ರ್ಯ ಬಂದು ಭೂಮಿ ಅಳೆಯುವ ಸರ್ಕಾರದವರು ಬಂದಾಗಲೂ ಅವರ ಮೊದಲ ಪ್ರಶ್ನೆ, ಇಲ್ಲಿ ಯಾರನ್ನ ಹೂಳಿದೀರಿ ಅನ್ನುವುದೇ ಆಗಿತ್ತು. ಬೆಟ್ಟ ಮಿಷನ್ನಿಗೆ ಹೋಯಿತು.

ಒಗೆಂಬೋನಪ್ಪಾ, ಏಳ್ತೀರೋ ಇಲ್ಲವೋ — ಇವಳೊಬ್ಬಳು, ನನ್ನ ಹೆಂಡತಿ ಸಿಪ್ರೋಸಾ, ಇಷ್ಟು ಹೊತ್ತಿಗೆ ಮುದುಕನಿಗೆ ಗಂಜಿ ಕೊಟ್ಟು ಬಂದಿದ್ದಾಳೆ, ಅದೂ ನನ್ನ ಬಟ್ಟಲಲ್ಲಿ, ಕೈ ಒರೆಸುತ್ತ ನಿಂತಿದ್ದಾಳೆ, ಕೊಡಬೇಡ ಅಂದಿದ್ದರೆ ಮೊದಲೇ ಕೊಡುತ್ತಿದ್ದಳು. ಎಂಬತ್ತು ದಾಟಿದ ಮುದುಕ, ನಾಯಿ ಹಾಗೆ ಆಚೆ ಕೂರಿಸಿದೀರಲ್ಲ, ನಿಮಗೆ ಹಾವು ಕಚ್ಚಿದಾಗ ಸೈಕಲ್ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದವನು ಯಾರು ಹೇಳಿ, ನಿಮ್ಮಪ್ಪನಾ. ಓಡಿದ, ಇಲ್ಲವೆಂದೆನೇ, ಆದರೆ ಎಚ್ಚರ ಬಂದಾಗ ನನ್ನ ಹಣೆ ಯಾಕೆ ಒದ್ದೆಯಾಗಿತ್ತು, ಎಲ್ಲರೂ ನನ್ನನ್ನು ಫುಲ್ಗೆನ್ಸಿಯೋ ಎಂದು ಯಾಕೆ ಕರೆಯುತ್ತಿದ್ದರು, ಪ್ರಜ್ಞೆ ತಪ್ಪಿದ ಹುಡುಗನಿಗೆ ದಾರಿಯಲ್ಲೇ ಜ್ಞಾನಸ್ನಾನ ಮಾಡಿಸಿಬಿಟ್ಟಿದ್ದ ಪುಣ್ಯಾತ್ಮ, ವಿಷಕ್ಕೆ ಮದ್ದು ಕೊಟ್ಟನೋ ಮದ್ದಿನ ನೆಪದಲ್ಲಿ ನನ್ನನ್ನು ತೆಗೆದುಕೊಂಡನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅವರು ಏನು ಕೊಟ್ಟರೂ ಕೈ ತಿರುಗಿಸಿ ನೋಡಬೇಕು, ಹಿಂದೆ ಇನ್ನೊಂದು ಕೈ ಇರುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ ಅಂದರೆ, ಕಪ್ಪಗಿರೋದೆಲ್ಲ ಇದ್ದಿಲೂ ಅಲ್ಲ, ಎದ್ದು ಹೋಗಿ ಮಾತಾಡಿ ಅನ್ನುತ್ತಾಳೆ. ಬೆಳಗ್ಗೆಯೇ ಕಿಸುಮು ಪಟ್ಟಣದಿಂದ ಮಗ ಒಗೆಂಬೋ ಫೋನ್ ಮಾಡಿದ್ದ, ಅಪ್ಪಾ, ಹೆಬ್ಬೆಟ್ಟು ಗಿಬ್ಬೆಟ್ಟು ಒತ್ತಬೇಡ, ಬೇಲಿ ಹೊರಗಿನ ಆ ತುಂಡು ಬಿಟ್ಟರೆ ನನಗೆ ಮನೆ ಹೂಡೋಕೆ ಬೇರೆ ನೆಲ ಎಲ್ಲಿದೆ, ನಾಳೆ ಅವರು ಪಾದ್ರಿ ಗೋರಿ ಅಂತ ಗುಡಿ ಕಟ್ತಾರೆ, ಜಾತ್ರೆ ಮಾಡ್ತಾರೆ, ನಾವು ಮೇಣದಬತ್ತಿ ಮಾರ್ಕೊಂಡು ಕೂರಬೇಕಾಗುತ್ತೆ. ನನ್ನ ಮಗ ಅನ್ನುವುದಕ್ಕೆ ಸಂಶಯವೇ ಇಲ್ಲ. ನಮ್ಮ ಕಟ್ಟಳೆಯಂತೆ ಹುಂಜ, ಕೊಡಲಿ, ಬೆಂಕಿ ಹಿಡಿದು ಹೊಸ ಮನೆ ಹೂಡಲು ಹೋಗಬೇಕಾದ ವಯಸ್ಸು ಅವನದು, ಹೋಗಲು ಉಳಿದಿರುವುದು ಅದೊಂದು ತುಂಡು, ಅದರ ಅಂಚಿನಲ್ಲಿ ಅಣ್ಣ, ಅಣ್ಣನ ತಲೆದೆಸೆಯಲ್ಲಿ ಆ ಮರ, ಮರದಡಿ ಈಗ ಆ ಕುರ್ಚಿ.

ಅಣ್ಣ ಅನ್ನುತ್ತೇನೆ, ಆದರೆ ಅಲ್ಲಿ ಅಣ್ಣ ಎಲ್ಲಿದ್ದಾನೆ — ಆ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಮೀಸೆ ಚಿಗುರುತ್ತಿದ್ದ ಹುಡುಗ, ಪಾದ್ರಿಯಾಗಲು ಗುರುಮಠಕ್ಕೆ ಹೊರಟಿದ್ದ, ಆಗ ಈ ಪಾದ್ರಿಯೂ ಹುಡುಗನೇ, ಹಾಲೆಂಡಿನಿಂದ ಬಂದು ಇನ್ನೂ ಮೈ ಸುಡುವುದು ನಿಂತಿರಲಿಲ್ಲ, ಗಂಟೆ ಬಾರಿಸುತ್ತ ತುಳಿದುಕೊಂಡು ಹೋದ, ಅಮ್ಮ ಹಳ್ಳದವರೆಗೂ ಹಿಂದೆ ಓಡಿದಳು, ಅಬೂಯಾ ತಿರುಗಿ ನೋಡಿ ನಕ್ಕ, ಆ ನಗುವೇ ಕೊನೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚುರುಕು ಅವನು, ಅದಕ್ಕೇ ಅವನನ್ನು ಆರಿಸಿದರು, ಚುರುಕಿಲ್ಲದವನನ್ನು ದೇವರು ಕರೆದದ್ದು ನಾನಂತೂ ನೋಡಿಲ್ಲ. ಗುರುಮಠದಿಂದ ಹಡಗಿನಲ್ಲಿ ಹಾಲೆಂಡಿಗೆ ಕಳಿಸಿದರು, ಅಲ್ಲಿಂದ ಒಂದು ಫೋಟೊ ಬಂತು, ದೊಡ್ಡ ಕೋಟು, ಸುತ್ತ ಬೂದಿಯ ಹಾಗೆ ಹಿಮ, ಅಮ್ಮ ಅದನ್ನು ನೋಡಿ, ಏನನ್ನೋ ಸುಟ್ಟ ಜಾಗದಲ್ಲಿ ನಿಲ್ಲಿಸಿದಾರಲ್ಲೋ ನನ್ನ ಮಗನ್ನ ಅಂದಳು. ಆಮೇಲೆ ಸುದ್ದಿ. ಎದೆಗೆ ಶೀತವಾಗಿ ಹೋದನಂತೆ. ಹೇಳಲು ಇದೇ ಪಾದ್ರಿ ಬಂದ, ಸೈಕಲ್ ತಳ್ಳಿಕೊಂಡು ಬಂದ, ಅವತ್ತು ಗಂಟೆ ಬಾರಿಸಲಿಲ್ಲ, ಅಮ್ಮ ಅಳುವ ಮುಂಚೆ ಕೇಳಿದಳು, ಹೆಣ ಎಲ್ಲಿ. ಅಲ್ಲೇ ಹೂಳಿದಾರೆ ತಾಯಿ, ನಮ್ಮ ಗುರುಗಳ ಸಾಲಿನಲ್ಲೇ, ಕಲ್ಲು ನೆಟ್ಟಿದಾರೆ, ಹೂವು ಇಟ್ಟಿದಾರೆ. ಯಾರ ಮನೆ ಅಂಗಳದಲ್ಲಿ? ಮನೆಯಲ್ಲ ತಾಯಿ, ಗೋರಿಗಳ ತೋಟ. ಮನೆಯಿಲ್ಲದ ಕಡೆ ನನ್ನ ಮಗನ್ನ ಬಿಟ್ಟು ಬಂದಿದೀರಾ! — ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ, ಕಿವಿ ಮಂದವಾಗಿದೆ, ಕೂಗು ಮಂದವಾಗಿಲ್ಲ.

ಮನೆಗೆ ಬರದ ಸಾವು ಅಲೆಯುತ್ತದೆ, ಒಡಹುಟ್ಟಿದವರ ಹೊಟ್ಟೆ ಬಂಜೆ ಮಾಡುತ್ತದೆ, ದಾರಿ ಕೇಳಿಕೊಂಡು ಬಾಗಿಲಿಗೆ ಬರುತ್ತದೆ, ಅದಕ್ಕೇ ಅಪ್ಪ ಕತ್ತಿ ಹಿಡಿದು ಯಾಗೊ ಮರಕ್ಕೆ ಹೋದ, ನೀರಿನಲ್ಲಿ ಹೋದವರಿಗೆ, ಯುದ್ಧದಲ್ಲಿ ಹೋದವರಿಗೆ, ಹೆಣ ಸಿಗದ ಎಲ್ಲರಿಗೂ ನಾವು ಮಾಡುವುದೇ ಅದು, ಹೆಣದ ಬದಲು ಕಾಯಿ ಹೂಳುವುದು, ನೋಡಿ ನೋಡಿ ಒಂದು ಕಾಯಿ ಆರಿಸಿದ, ನೆಟ್ಟಗೆ, ತೆಳ್ಳಗೆ, ಅಬೂಯಾನ ಹಾಗೇ ಇತ್ತು, ತೊಟ್ಟು ಕಡಿದಾಗ ತೋಳಿನಲ್ಲಿ ಹಿಡಿದ, ನೆಲಕ್ಕೆ ಬೀಳಗೊಡಲಿಲ್ಲ. ಅಮ್ಮ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗಿನಿಂದ ಹೆಸರು ಹಿಡಿದು ಕರೆದಳು, ಬಾ ಮಗನೇ, ಬಂದುಬಿಡು, ಚಳಿಯಿಂದ ಬಂದುಬಿಡು. ಮದುವೆಯಾಗದವನಿಗೆ ಬೇಲಿಯ ಹೊರಗೇ ಗುಂಡಿ, ತೋಡಿದೆವು, ಎತ್ತುಗಳನ್ನು ಊರಗಡಿಗೆ ಓಡಿಸಿ ಸಾವನ್ನು ಅಟ್ಟಿ ಬಂದೆವು, ತಲೆ ಬೋಳಿಸಿಕೊಂಡೆವು, ಇನ್ನೇನು ಇಳಿಸಬೇಕು, ಆಗ ಬಂತು ಆ ಸೈಕಲ್ಲು. ಬಿಸಾಡಿದ ನೋಡಿ, ಚಕ್ರ ತಿರುಗುತ್ತಲೇ ಇತ್ತು, ಗುಂಡಿಯ ಅಂಚಿಗೆ ಬಂದು ನಿಂತು ಕಿರುಚಿದ, ಇದು ಕಾಯಿ! ಬರೀ ಕಾಯಿ! ಒಬ್ಬ ಗುರುವಾಗಬೇಕಾದವನ ಹೆಸರಲ್ಲಿ ಕಾಯಿ ಹೂಳ್ತೀರಾ, ನಾಚಿಕೆಯಾಗಲ್ವಾ, ಅವನು ದೇವರ ಹತ್ರ ಇದಾನೆ, ಈ ಬಟ್ಟೇಲಿಲ್ಲ — ಎಂದು ಬಟ್ಟೆಗೇ ಕೈ ಹಾಕಿದ. ಅಮ್ಮ ಬಿಡಲಿಲ್ಲ. ಒಬ್ಬನ್ನ ಕಿತ್ಕೊಂಡೆ, ಇವನನ್ನೂ ಕಿತ್ಕೋತೀಯಾ ಅಂದಳು, ಅಷ್ಟೇ. ಅವನು ಕೈ ಬಿಟ್ಟ, ಮುಖ ಬೆಂಕಿಯಾಗಿತ್ತು, ಮುಂದಿನ ಭಾನುವಾರ ನಮ್ಮ ಮನೆಯವರಿಗೆ ಪರಮಪ್ರಸಾದ ಇಲ್ಲವೆಂದು ಗುಡಿಯಲ್ಲಿ ಎಲ್ಲರೆದುರು ಸಾರಿದ, ಅಮ್ಮ ಮತ್ತೆ ಆ ಬೆಟ್ಟ ಹತ್ತಲಿಲ್ಲ, ಅವಳನ್ನು ಹೂಳುವಾಗಲೂ ಗಂಟೆ ಹೊಡೆಯಲಿಲ್ಲ. ಇನ್ನೊಂದು ಇದೆ, ಕಾಯಿ ಹೂತ ಮಾರನೆಯ ಮಧ್ಯಾಹ್ನ ನಾನು ಕರು ಹುಡುಕುತ್ತ ಹೋದಾಗ ಈ ಪಾದ್ರಿ ಅಲ್ಲೇ ಮಂಡಿಯೂರಿದ್ದ, ಕಲ್ಲಿನಿಂದ ಏನನ್ನೋ ನೆಲಕ್ಕೆ ಹೊಡೆಯುತ್ತಿದ್ದ, ಗೂಟ, ನನಗೆ ತಕ್ಷಣ ಹೊಳೆಯಿತು, ಗಡಿಗೂಟ, ಬೆಟ್ಟ ಸಾಲದೆ ಇದೂ ಬೇಕು ಇವರಿಗೆ. ಅವನು ಹೋದಮೇಲೆ ಕಿತ್ತೆ, ಸೀಳಿದೆ, ಒಲೆಗೆ ಹಾಕಿದೆ. ಹುರುಳಿಕಾಯಿ ಬೆಂದಿತು, ಎಲ್ಲರೂ ಉಂಡೆವು.

ಈಗ ಎಲ್ಲ ಬದಲಾಗಿದೆಯಂತೆ, ಮುತಿಸ್ಯಾ ಹಾಗೆನ್ನುತ್ತಾನೆ, ಅಜ್ಜಾ, ಈಗ ಚರ್ಚು ನಿಮ್ಮ ಆಚಾರಗಳನ್ನ ಗೌರವಿಸುತ್ತೆ. ಗೌರವ! ನಮ್ಮ ಡೋಲು ಸೈತಾನನ ಹೊಟ್ಟೆ ಎಂದು ಒಡೆಸಿದ್ದರು, ಈಗ ಬಲಿಪೂಜೆಗೆ ಡೋಲು ಬೇಕು, ಮಣಿಸರ ಹರಿದು ಎಸೆದರು, ಈಗ ಬಿಷಪ್ ಬಂದರೆ ಹುಡುಗಿಯರಿಗೆ ಮಣಿಸರ ಹಾಕಿಸಿ ಕುಣಿಸುತ್ತಾರೆ, ಪಾದ್ರಿಯ ನಿಲುವಂಗಿಯ ಮೇಲೆ ಚಿರತೆಯ ಚುಕ್ಕೆ. ಅಂದು ಪಾಪ, ಇಂದು ಸಂಸ್ಕೃತಿ, ನಡುವೆ ಹೋದ ನನ್ನ ಅಮ್ಮನ ಲೆಕ್ಕ ಯಾರ ಹತ್ತಿರ ಕೇಳಲಿ. ಬಿಳಿಯರ ಊರಿನಲ್ಲಿ ಗುಡಿಗಳೆಲ್ಲ ಖಾಲಿಯಂತೆ, ಪಾದ್ರಿಯಾಗಲು ಅವರ ಮಕ್ಕಳಲ್ಲೊಬ್ಬರೂ ಮುಂದೆ ಬರುತ್ತಿಲ್ಲವಂತೆ, ಈಗ ನಮ್ಮ ಹುಡುಗರೇ ಅಲ್ಲಿಗೆ ಹೋಗಿ ಅವರ ಮುದುಕಿಯರಿಗೆ ಪೂಜೆ ಮಾಡುತ್ತಾರಂತೆ, ಆಚೆ ಮನೆ ವೇರಾಳ ಮೊಮ್ಮಗ ಹೋಗಿದ್ದಾನೆ, ಅವಳು ಬೀಗುತ್ತಾಳೆ, ನಾನು ಒಂದೇ ಕೇಳಿದೆ, ಅವನು ಅಲ್ಲಿ ಸತ್ತರೆ ತಂದುಕೊಡ್ತಾರಾ ಎಂದು, ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ಬಂದವರು ಹಿಂದಿರುಗುವ ಕಾಲ ಇದು, ಬೆಟ್ಟದ ಮೇಲಿದ್ದ ಬಿಳಿಯರು ಒಬ್ಬೊಬ್ಬರಾಗಿ ಹೋದರು, ಉಳಿದವನು ಇವನೊಬ್ಬ, ಸೈಕಲ್ ತುಳಿಯುವುದನ್ನು ಬಿಟ್ಟರೂ ಸೈಕಲ್ ಪಾದ್ರಿ. ಬೆಟ್ಟದಲ್ಲಿ ಅವರದೇ ಗೋರಿಸಾಲು ಇಲ್ಲವೇ, ಸುಣ್ಣ ಬಳಿದ, ಹೂಗಿಡ ನೆಟ್ಟ ಸಾಲು, ಅದನ್ನು ಬಿಟ್ಟು ನನ್ನ ಬೇಲಿಯ ಪಕ್ಕವೇ ಯಾಕೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಅದೂ ಬೇಲಿಯ ಹೊರಗೆ, ಒಳಗೆ ಕೇಳಿದ್ದರೆ ಇಲ್ಲವೆನ್ನುವುದು ಸುಲಭ, ಹೊರಗಿನ ನೆಲಕ್ಕೆ ಕಾಗದವೂ ಗಟ್ಟಿಯಿಲ್ಲ, ಒಂದು ಕಾಯಿಯ ಗೋರಿಯೇ ಸಾಕ್ಷಿ, ಕಾಯಿಯ ಪಕ್ಕದಲ್ಲಿ ನಿಜವಾದ ಹೆಣ ಬಂದರೆ ನಾಳೆ ಯಾರ ಸಾಕ್ಷಿ ಭಾರ.

ಎದ್ದೆ. ಸಿಪ್ರೋಸಾಳ ಕಾಟಕ್ಕಲ್ಲ, ಕಾಲು ಜೋಮು ಹಿಡಿದಿತ್ತು, ಎದ್ದಮೇಲೆ ಸುಮ್ಮನೆ ನಿಲ್ಲಲಾಗುತ್ತದೆಯೇ, ಕತ್ತಿಯನ್ನೂ ಕೈಗೆತ್ತಿಕೊಂಡೆ, ಹೊಲಕ್ಕೆ ಹೊರಟವನ ಹಾಗೆ ಕಾಣಲಿ ಎಂದು. ಹತ್ತಿರ ಹೋದರೆ ಇಷ್ಟೇ ಇಷ್ಟಾಗಿದ್ದಾನೆ ಮನುಷ್ಯ, ಅಂಗಿಯೊಳಗೆ ಯಾರೂ ಇಲ್ಲವೇನೋ ಎನ್ನುವಂತೆ, ಕುತ್ತಿಗೆ ಒಂದು ಕಡೆ ವಾಲಿದೆ, ಗಂಜಿಯ ಬಟ್ಟಲು ತೊಡೆಯ ಮೇಲೆ, ಅರ್ಧ ಕುಡಿದಿದ್ದಾನೆ. ಬಾರೋ ಒಬಿಯೆರೊ, ಅಂತೂ ಸಿಟ್ಟು ಇಳೀತಾ — ಲುವೊ ಮಾತು, ನಮ್ಮ ಸರೋವರದ ದಂಡೆಯ ಬೆಸ್ತರಾಡುವ ಹಾಗೆ ಆಡುತ್ತಾನೆ, ಅದೇ ನೋಡಿ ನನಗೆ ಭಯ, ಮುತಿಸ್ಯಾನ ಹಾಗೆ ಕಲ್ಲು ಕಡಿದಿದ್ದರೆ ಸುಲಭವಾಗಿ ಬೈಯಬಹುದಿತ್ತು. ಇಳಿದಿಲ್ಲ ಪಾದ್ರಿಗಳೇ, ಕಾಲು ಜೋಮು ಹಿಡಿದಿತ್ತು ಅಂದೆ. ನಕ್ಕ. ನೆಲ ನೋಡಿದ, ನಾನು ಇಲ್ಲೊಂದು ಶಿಲುಬೆ ನೆಟ್ಟಿದ್ದೆ, ಬಹಳ ಹಿಂದೆ, ಸಣ್ಣದು, ಕಾಣ್ತಿಲ್ಲ. ಶಿಲುಬೆ? ನಾನು ಸೀಳಿದ್ದು — ಅಡ್ಡಪಟ್ಟಿ ಇರಲಿಲ್ಲ, ಇತ್ತೇ, ಇದ್ದಿರಲಾರದು, ಗಡಿಬಿಡಿಯಲ್ಲಿ — ಗೆದ್ದಲು ತಿಂದಿರಬೇಕು ಅಂದೆ. ಹೌದು, ನಿಮ್ಮೂರಿನ ಗೆದ್ದಲಿಗೆ ಹಸಿವು ಜಾಸ್ತಿ ಅಂದ, ಕಣ್ಣು ನನ್ನ ಮೇಲೇ ಇತ್ತು, ಗೊತ್ತಿದೆ ಇವನಿಗೆ, ಆವತ್ತೇ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ನಾನ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ, ಮಾತು ತಿರುಗಿಸಿದೆ, ಗೋರಿ ವಿಷಯಕ್ಕೆ ಬನ್ನಿ, ಬೆಟ್ಟದ ಮೇಲೆ ನಿಮ್ಮವರ ಸಾಲಿದೆಯಲ್ಲ, ಅಲ್ಲಿ ಏನು ಇಕ್ಕಟ್ಟಾ, ನಮ್ಮಜ್ಜ ಒಬ್ಬ ಬಿಳಿಯನ ಹೆಣಕ್ಕೆ ಜಾಗ ಕೊಟ್ಟು ಬೆಟ್ಟ ಕಳಕೊಂಡ, ನಾನು ಇನ್ನೊಬ್ಬನಿಗೆ ಕೊಟ್ಟು ನನ್ನ ಮಗನ ಮನೆ ಕಳಕೊಳ್ಳಲಾ? ಹೇಳಿಯೇಬಿಟ್ಟೆ. ಅವನು ಬಟ್ಟಲನ್ನು ನೆಲದ ಮೇಲಿಟ್ಟ, ಹೆಣ ಎಲ್ಲಿ ಬರುತ್ತೋ ಒಬಿಯೆರೊ, ಹೆಣ ಬರಲ್ಲ. ಮುಂದಿನ ವಾರ ನನ್ನನ್ನ ವಿಮಾನಕ್ಕೆ ಹಾಕ್ತಾರೆ, ಅಲ್ಲಿ ಮುದುಕ ಪಾದ್ರಿಗಳಿಗೆ ಅಂತ ಒಂದು ಮನೆ ಇದೆ, ಗೋಡೆಗೆಲ್ಲ ಹಿಡಿಕೆ, ಕೊನೆಗೆ ಅಲ್ಲೇ ಮಣ್ಣು, ನಾನು ಕೇಳಿಲ್ಲ, ನಮ್ಮ ಮೇಲಿನವರ ಅಪ್ಪಣೆ. ಮತ್ತೆ ಇಲ್ಲಿ ಜಾಗ ಯಾತಕ್ಕೆ? ಅವನು ತಲೆ ಎತ್ತಿದ, ಮೇಲೆ ನೋಡಿದ, ಮರದ ಒಳಗೆ, ಅಲ್ಲಿ ಕಾಯಿಗಳು.

ನನಗೆ ತಿಳಿಯಲು ಇಷ್ಟು ಹೊತ್ತು ಹಿಡಿಯಿತು. ತಿಳಿದಾಗ ಮೊದಲು ಬಂದದ್ದು ಸಿಟ್ಟು, ಅಯ್ಯೋ ಇವನ ಧೈರ್ಯವೇ, ಇದು ಬರೀ ಕಾಯಿ ಅಂದವನು, ಬಟ್ಟೆಗೆ ಕೈ ಹಾಕಿದವನು, ಬರೀ ಕಾಯಿ ಅಲ್ವಾ ಪಾದ್ರಿ, ನಾಚಿಕೆಯಾಗಲ್ವಾ ಅಂದೆ, ಅವನದೇ ಮಾತು, ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡು ಕಾದಿದ್ದೆನೇನೋ. ಆಗುತ್ತೆ ಅಂದ. ಅವತ್ತು ನಿಮಗೆ ಹೂಳೋದಕ್ಕೆ ಒಂದು ಕಾಯಾದ್ರೂ ಇತ್ತು, ಅವನನ್ನ ಸೈಕಲ್ ಮೇಲೆ ಕೂರಿಸಿಕೊಂಡು ಹೋದವನು ನಾನು, ನನ್ನ ಕೈಯಲ್ಲಿ ಏನಿತ್ತು, ಏನೂ ಇರಲಿಲ್ಲ, ಅದಕ್ಕೇ ಕೂಗಾಡಿದೆ, ನಿಮ್ಮಮ್ಮ ಆ ಬಟ್ಟೆ ಹಿಡ್ಕೊಂಡಿದ್ದ ಹಾಗೆ ಹಿಡ್ಕೊಳ್ಳೋಕೆ ನನಗೂ ಏನಾದ್ರೂ ಬೇಕಿತ್ತು. ಅಣ್ಣನ ಗೋರಿ ನೋಡಿದೀಯಾ — ನೀವು ಹೋಗಿ ನೀನು ಬಂದಿತ್ತು ನನ್ನ ಬಾಯಿಗೆ. ರಜಕ್ಕೆ ಊರಿಗೆ ಹೋದಾಗೆಲ್ಲ ನೋಡಿದೀನಿ, ಹುಲ್ಲು ಕಿತ್ತು ಬಂದಿದೀನಿ. ಒಂದು ಹಿಡಿ ಮಣ್ಣು ತರಬೇಕು ಅನ್ನಿಸಲಿಲ್ಲವಾ, ಅಮ್ಮ ಸಾಯೋವರೆಗೂ ದಾರಿ ನೋಡಿದಳು, ಒಂದು ಹಿಡಿ! ಅನ್ನಿಸ್ತು. ಮಣ್ಣು ತರೋದು ಪಾಪ ಅಂತ ಊರಿಗೆಲ್ಲ ಹೇಳಿದ್ದವನು ನಾನೇ ಅಲ್ವೇನೋ. ಅವನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿತು, ಒರೆಸಿಕೊಳ್ಳಲಿಲ್ಲ, ನಾನು ಮುಖ ತಿರುಗಿಸಿದೆ, ಅಳುವ ಪಾದ್ರಿಗೆ ನಮ್ಮಜ್ಜ ಕರಗಿದ್ದೇ ಸಾಕು ನಮ್ಮ ಮನೆತನಕ್ಕೆ. ನನಗೂ ಹೆಂಡತಿ ಮಕ್ಕಳಿಲ್ಲ, ನಿಮ್ಮ ಕಟ್ಟಳೆ ಪ್ರಕಾರ ನನಗೂ ಬೇಲಿ ಹೊರಗೇ ಅಂದ, ಸತ್ತ ಸುದ್ದಿ ಬಂದಾಗ ನಿನಗೆ ಸರಿ ಕಂಡರೆ ನನಗೂ ಒಂದು ಕಾಯಿ ಹೂಳು, ಇಲ್ಲದಿದ್ರೆ ಬಿಡು, ಈಗ ಉತ್ತರ ಬೇಡ. ಮುತಿಸ್ಯಾ ಬಂದು ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ, ಏಳುವಾಗ ಮುದುಕ ನನ್ನ ಮೊಣಕೈ ಹಿಡಿದುಕೊಂಡ, ಬೆರಳುಗಳು ತಣ್ಣಗಿದ್ದವು, ಇಷ್ಟು ಬಿಸಿಲಿನಲ್ಲಿ.

ಹೋಯಿತು ಗಾಡಿ. ಧೂಳು ಇನ್ನೂ ಇಳಿದಿಲ್ಲ, ಕುರ್ಚಿ ಇಲ್ಲೇ ಬಿಟ್ಟು ಹೋಗಿದ್ದಾರೆ, ಮರೆತರೋ ಬೇಕೆಂದೇ ಬಿಟ್ಟರೋ, ಸಿಪ್ರೋಸಾ, ಈ ಕುರ್ಚೀನ ವಾಪಸ್ ಕಳಿಸು ಅಂದರೆ, ಒಗೆಂಬೋನಪ್ಪಾ, ಹೋಗೋ ಜೀವ ಒಂದು ಕಾಯಿ ಕೇಳಿದ್ದಕ್ಕೆ ಇಷ್ಟು ರಂಪವಾ ಅನ್ನುತ್ತಾಳೆ, ಅವಳಿಗೇನು, ಕಾಯಿಯ ಗೋರಿಯೂ ಗೋರಿಯೇ, ಕೋರ್ಟಿನವರು ಅಗೆದು ನೋಡುತ್ತಾರೆಯೇ, ಇಲ್ಲಿ ಯಾರನ್ನ ಹೂಳಿದೀರಿ ಎನ್ನುತ್ತಾರೆ, ಪಾದ್ರಿಯನ್ನ ಎಂದರೆ ಮುಗಿಯಿತು, ಒಗೆಂಬೋನ ಮನೆ ಹೋಯಿತು, ನಮ್ಮ ಕಟ್ಟಳೆಯನ್ನು ನಮಗಿಂತ ಚೆನ್ನಾಗಿ ಕಲಿತಿದ್ದಾನೆ ಮುದುಕ, ಹೆಣವಿಲ್ಲದೆ ನೆಲ ತೆಗೆದುಕೊಳ್ಳುವ ದಾರಿ ಕಂಡುಕೊಂಡಿದ್ದಾನೆ, ಕಣ್ಣೀರು ಹಾಕಿದ, ಹಾಕಲಿ, ಮೊದಲು ಬಂದವರೂ ನಿಜವಾಗಿಯೇ ಅತ್ತಿದ್ದರು, ಅತ್ತದ್ದು ಸುಳ್ಳಲ್ಲ, ಬೆಟ್ಟ ಹೋದದ್ದೂ ಸುಳ್ಳಲ್ಲ. ಆದರೆ ಹೂಳದಿದ್ದರೆ — ಹೂಳದಿದ್ದರೆ ಇವನು ಅಲೆಯುತ್ತಾನೆ, ಆ ಹಿಡಿಕೆಗೋಡೆಯ ಮನೆಯಿಂದ ದಾರಿ ಕೇಳುತ್ತ ಬರುತ್ತಾನೆ, ಸೈಕಲ್ ಮೇಲೆ, ಗಂಟೆ ಬಾರಿಸುತ್ತ, ಬದುಕಿದ್ದಾಗ ಕೊಟ್ಟ ಕಾಟ ಸಾಲದೆ. ನಾನು ಇಲ್ಲದಾಗ ಇವಳು ಹೂಳಿಬಿಟ್ಟರೆ, ಹೆಂಗಸರ ಕರುಳು ನಂಬುವ ಹಾಗಿಲ್ಲ, ಮುತಿಸ್ಯಾ ಬಂದು ಡೋಲು ಬಾರಿಸಿ ಹೂಳಿದರೆ, ಫೋಟೊ ತೆಗೆಸಿದರೆ, ಇಲ್ಲ, ಇದಕ್ಕೆ ಒಂದೇ ದಾರಿ, ಬೇರನ್ನೇ ಕೀಳುವುದು, ಕತ್ತಿ ಕೈಯಲ್ಲೇ ಇದೆ, ಒಂದು ಕಾಯಿಯನ್ನೂ ಬಿಡುವುದಿಲ್ಲ, ಎಲ್ಲ ಕಡಿದು ದನದ ದಾರಿಗೆ ಎಸೆಯುತ್ತೇನೆ, ಯಾರು ಏನು ಹೂಳುತ್ತಾರೆ ನೋಡೋಣ.

ಇದು ಹೋಯಿತು, ದಪ್ಪಗಿತ್ತು, ದೊಪ್ಪನೆ ಬಿತ್ತು, ಇದೂ ಹೋಯಿತು, ತೋಳು ನೋಯುತ್ತಿದೆ, ಬೆವರು ಕಣ್ಣಿಗೆ, ಸಿಪ್ರೋಸಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ, ಬೈಯುತ್ತಿಲ್ಲ, ಯಾಕೆ ಬೈಯುತ್ತಿಲ್ಲ ಇವಳು, ಕುರ್ಚಿಯ ಮೇಲೆ ಹತ್ತಿದರೆ ಮೇಲಿನವೂ ಸಿಗುತ್ತವೆ, ಹತ್ತಿದೆ, ಅಲುಗಾಡುತ್ತದೆ, ಹಾಳು ಕುರ್ಚಿ, ಇದು ಗಿಡ್ಡ, ಕಡಿ, ಇದು ಇನ್ನೂ ಎಳೆಯದು, ಎಳೆಯದಾದರೇನು, ಕಡಿ, ಇದು — ಇದು ಬೇಡ ಅಂತಲ್ಲ, ಇದನ್ನೂ ಕಡಿಯಬೇಕು, ಆದರೆ ತಡಿ, ಇದು ಉದ್ದ, ಬಾಕಿಯವಕ್ಕಿಂತ ಒಂದು ಗೇಣು ಉದ್ದ, ಸಿಪ್ಪೆಯ ಮೇಲೆ ಮಚ್ಚೆ ಮಚ್ಚೆ, ತಲೆಯ ಹತ್ತಿರ ಕುತ್ತಿಗೆ ಒಂದು ಕಡೆ ವಾಲಿದೆ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ, ಅಪ್ಪ ಅವತ್ತು ನೋಡಿ ನೋಡಿ ಆರಿಸಿದ್ದ, ನಾನು ಆರಿಸುತ್ತಿಲ್ಲ, ನಾನು ಯಾಕೆ ಆರಿಸಲಿ, ಕತ್ತಿ ಎತ್ತಿದ್ದೇನೆ, ಎತ್ತಿದ ಕೈ ಅಲ್ಲೇ ಇದೆ, ಇನ್ನೊಂದು ಕೈ ಯಾವಾಗ ಅದರ ಕೆಳಗೆ ಹೋಯಿತು, ಬಿದ್ದರೆ ಹಿಡಿಯಲು ಎನ್ನುವಂತೆ ಅಂಗೈ ತೆರೆದುಕೊಂಡು ಕಾಯುತ್ತಿದೆ, ನಾನು ಹೇಳಿಲ್ಲ ಅದಕ್ಕೆ, ಗಾಳಿಯೂ ಇಲ್ಲ, ಮಿಕ್ಕ ಯಾವ ತೊಟ್ಟೂ ಅಲುಗುತ್ತಿಲ್ಲ, ಇದೊಂದು ಕಾಯಿ, ಕುತ್ತಿಗೆ ವಾಲಿಸಿಕೊಂಡು, ತೂಗುತ್ತಿದೆ, ನನ್ನ ಅಂಗೈಯ ಮೇಲೆ, ತೂಗುತ್ತಿದೆ